ನಾಲ್ಕರ ಮೂಲೆ

ಹೋಯಿತು, ಒಂದೇ ಸಲ ಒರೆಸಿದ್ದಕ್ಕೆ ಹೋಯಿತು, ಬಿಳಿ ಬಟ್ಟೆಯ ತುದಿಯಲ್ಲಿ ಕಪ್ಪು ಕಲೆ, ಉಕ್ಕಿನ ಮೇಲೆ ಏನೂ ಇಲ್ಲ, ಅರೆಗಳಿಗೆ ಹಿಂದೆ ಅಲ್ಲೊಂದು ಇಂಕಿನ ನಂಬರು ಇತ್ತೆಂದು ಯಾರೂ ಹೇಳಲಾರರು — ಹಾಗಾದರೆ ಇಂಕು ಬೇಡ, ಥಿನ್ನರಿಗೆ ನಿಲ್ಲುವುದಿಲ್ಲ ಎಂದು ಬರೆಯುತ್ತೇನೆ, ಅಷ್ಟು ಬರೆಯುವುದು ಸುಲಭ, ಮೇಜಿನ ಮೇಲೆ ಇನ್ನೆರಡು ತುಂಡುಗಳಿವೆ, ಒಂದರ ಮೇಲೆ ಸೂಜಿ ಕುಟ್ಟಿ ಚುಕ್ಕಿ ಚುಕ್ಕಿಯಾಗಿ ಮೂಡಿಸಿದ ಅಂಕಿ, ಇನ್ನೊಂದರ ಮೇಲೆ ಲೇಸರ್ ಸುಟ್ಟ ಅಂಕಿ, ಬೂದುಬಣ್ಣ, ಎಷ್ಟು ಅಚ್ಚುಕಟ್ಟು, ಯಂತ್ರ ಮಾರಲು ಬಂದಿದ್ದ ಪ್ರಮೋದ್ ಹೇಳಿದ, ಮೇಡಂ, ಕೈ ಸೋಕೋದೇ ಇಲ್ಲ, ಬರೀ ಬೆಳಕು, ಬೆಳಕಿನಲ್ಲಿ ಬರೀತೀವಿ — ಹೊರಗೆ ಶೆಡ್ಡಿನಲ್ಲಿ ಅಂಕಿ ಕೆತ್ತಿದ ಉಕ್ಕಿನ ಪಂಚ್ ಮೇಲೆ ಮುನಿಯಲ್ಲಪ್ಪನ ಸುತ್ತಿಗೆ, ಟಣ್, ಆಮೇಲೆ ಟಣ್ ಟಣ್, ಮೊದಲು ಏಳು, ಆಮೇಲೆ ನಾಲ್ಕು, ನಾಲ್ಕಕ್ಕೆ ಯಾವಾಗಲೂ ಎರಡು ಏಟು. ಎಪ್ಪತ್ತನಾಲ್ಕು ನಮ್ಮ ಕಾರ್ಖಾನೆಗೆ ಟ್ರ್ಯಾಕ್ಟರ್ ಕಂಪನಿಯವರು ಕೊಟ್ಟ ನಂಬರು, ಇಲ್ಲಿಂದ ಹೋಗುವ ಮುಂದಿನ ಗಾಲಿ ಕೂರುವ ಪ್ರತಿಯೊಂದು ಗಿಡ್ಡ ಆಕ್ಸಲ್ ಮೇಲೂ ಅದು ಬೀಳಬೇಕು, ಗೋಡೆ ಗಡಿಯಾರದಲ್ಲಿ ಮೂರು ಹತ್ತು, ಮೂರೂವರೆಗೆ ಮ್ಯಾನೇಜರ್ ರವಿಕುಮಾರ್ ಸರ್ ಮೇಜಿನ ಮೇಲೆ ಈ ಹಾಳೆ ಇರಬೇಕು, ಎರಡೇ ಎರಡು ಕಾಲಂ, ಇನ್ನು ಮುಂದೆ ಗುರುತು ಹಾಕುವ ವಿಧಾನ ಯಾವುದು, ಬದಲಾವಣೆಗೆ ಕಾರಣ ಏನು. ವಿಧಾನ ಲೇಸರ್ ಅಂತ ಬರೀರಿ ಮುನಿಲಕ್ಷ್ಮಿ, ಕಾರಣ ಪಂಚ್ ಹೊಡೆಯೋನ ಏಟು ಜಾಸ್ತಿ ಆಯ್ತು ಅಂತ ಬರೀರಿ, ಕ್ಲೋಸ್ ಮಾಡೋಣ, ಸರ್ ಅದನ್ನು ಟೀ ಕುಡಿಯುತ್ತಲೇ ಹೇಳಿದರು, ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ತಳ್ಳುತ್ತಾ ಹೇಳಿದರು, ನಾನು ಒಂದು ತೆಗೆದುಕೊಂಡೆ, ಯಾಕೆ ತೆಗೆದುಕೊಂಡೆ.

ಡೆಂಕಣಿಕೋಟೆ ರಸ್ತೆಯಲ್ಲಿ ಎಲೆಕೋಸು ತುಂಬಿದ ಟ್ರ್ಯಾಕ್ಟರಿನ ಮುಂದಿನ ಚಕ್ರ ಕಳಚಿ ಬಿತ್ತು, ಓಡಿಸುತ್ತಿದ್ದವನು ಕುಮಾರೇಶ್, ಇಪ್ಪತ್ತಾರು ವರ್ಷ, ತೊಡೆಯ ಮೂಳೆ ಎರಡು ಕಡೆ ಮುರಿದಿದೆ, ಮುರಿದ ಆಕ್ಸಲ್ ಮೂರು ದಿನದ ಹಿಂದೆ ಗೋಣಿಚೀಲದಲ್ಲಿ ಸುತ್ತಿಕೊಂಡು ನನ್ನ ಮೇಜಿಗೆ ಬಂತು, ಚೀಲಕ್ಕಿನ್ನೂ ಕೋಸಿನ ವಾಸನೆ ಇತ್ತು, ತೊಳೆದು, ಕೆಂಪು ಬಣ್ಣದ ನೀರು ಸವರಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದೆ, ಬಿರುಕಿದ್ದರೆ ಒಳಗೆ ಇಳಿದ ಕೆಂಪು ಪುಡಿಯ ಮೇಲೆ ತಾನಾಗಿ ಮೂಡುತ್ತದೆ, ಮೂಡಿತು, ನಾಲ್ಕರ ಮೂಲೆಯಿಂದ, ಅಡ್ಡಗೆರೆ ಉದ್ದಗೆರೆ ಸೇರುವ ಆ ಚೂಪು ಮೂಲೆಯಿಂದ, ಕೂದಲೆಳೆಯಷ್ಟು ಕೆಂಪು ಗೆರೆ ಹೊರಟು ಮುರಿದ ಅಂಚಿನತನಕ ಹೋಗಿತ್ತು. ಕೊನೆಯ ಅಂಕಿಯ ಕೆಳಗೆ ಒಂದು ಚುಕ್ಕಿ. ಯಾರ ಕೈಯ ಕೆಲಸವೆಂದು ತಿಳಿಯಲಿ ಎಂದು ಇಲ್ಲಿ ಪಂಚ್ ಹೊಡೆಯುವವರು ತಾವಾಗಿಯೇ ಇಟ್ಟುಕೊಂಡ ಪದ್ಧತಿ ಅದು, ಯಾವ ಕಾಗದದಲ್ಲೂ ಇಲ್ಲ, ಮುನಿಯಲ್ಲಪ್ಪನದು ಒಂದು ಚುಕ್ಕಿ, ಕೆಂಪರಾಜುವಿನದು ಎರಡು, ನಂದು ಅಂತ ಗೊತ್ತಾಗ್ಬೇಕಲ್ಲಮ್ಮಾ, ನಾಳೆ ಯಾವನಾದ್ರೂ ಯಾವನಪ್ಪಾ ಇಷ್ಟ್ ನೀಟಾಗಿ ಹೊಡ್ದೋನು ಅಂದ್ರೆ, ಅಂತ ನಗುತ್ತಿದ್ದ, ಈಗ ಅದೇ ಚುಕ್ಕಿ ಹಿಡಿದುಕೊಂಡು ಸರ್ ಲೆಕ್ಕ ಹಾಕಿದ್ದಾರೆ, ಆ ವಾರ ಅವನು ಹೊಡೆದದ್ದು ನಲವತ್ತು, ಆ ನಲವತ್ತನ್ನು ವಾಪಸು ಕರೆಸಿದರೆ ಮುಗಿಯಿತು, ಅವನು ಕಂಟ್ರಾಕ್ಟಿನವನು, ಸೋಮವಾರದಿಂದ ಬರಬೇಡ ಎಂದರೆ ಅದೂ ಮುಗಿಯಿತು.

ಆದರೆ ಇವತ್ತು ಬೆಳಿಗ್ಗೆ — ಯಾರಿಗೂ ಹೇಳಿಲ್ಲ, ಡ್ರಾಯರಿನಲ್ಲಿ ಹಳೇ ಬನಿಯನ್ನಿನಲ್ಲಿ ಸುತ್ತಿಟ್ಟಿದ್ದೇನೆ, ಈಗ ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿದೆ — ನಟ್ಟು ತಿರುಗುವ ಮರೆ ಸವೆದಿದೆ ಎಂದು ಹೋದ ತಿಂಗಳು ಬೇರಿಕೆ ಊರಿನಿಂದ ವಾಪಸು ಬಂದಿದ್ದ ಇನ್ನೊಂದು ಆಕ್ಸಲ್, ಸ್ಟೋರಿನ ಮೂಲೆಯಲ್ಲಿ ಬಿದ್ದಿತ್ತು, ಸುಮ್ಮನೆ ನೋಡೋಣವೆಂದು, ಇಲ್ಲ, ಸುಮ್ಮನೆ ಅಲ್ಲ, ಅದಕ್ಕೂ ಕೆಂಪು ಸವರಿದೆ, ಪುಡಿ ಸಿಂಪಡಿಸಿದೆ, ಮೂಡದಿರಲಿ ಎಂದು ಎದ್ದು ಕಿಟಕಿಯ ಹತ್ತಿರ ಹೋದೆ, ಸಿಪ್ಕಾಟ್ ರಸ್ತೆಯಲ್ಲಿ ಲಾರಿಗಳನ್ನು ಎಣಿಸಿದೆ, ತಿರುಗಿ ಬಂದಾಗ ಮೂಡಿತ್ತು, ಪುಟ್ಟದು, ಅಕ್ಕಿಕಾಳಿನಷ್ಟು, ನಾಲ್ಕರ ಮೂಲೆಯಿಂದಲೇ. ಕೆಳಗೆ ಎರಡು ಚುಕ್ಕಿ. ಕೆಂಪರಾಜು ಮೆಲ್ಲಗೆ ಹೊಡೆಯುವವನು, ಎಷ್ಟು ಮೆಲ್ಲಗೆಂದರೆ ಮುನಿಯಲ್ಲಪ್ಪ ಅವನನ್ನು ಏನ್ಲಾ, ಹೆಂಡ್ರು ಮಲಗವ್ಳಾ, ಎಚ್ಚರಾಗ್ತಾಳಾ, ಗಟ್ಟಿಯಾಗ್ ಹೊಡಿ ಕಣ್ಲಾ ಎಂದು ಗೇಲಿ ಮಾಡುತ್ತಿದ್ದ, ಹಾಗಾದರೆ ಏಟು ಜಾಸ್ತಿ ಆದದ್ದಲ್ಲ, ಕೈಯ ತಪ್ಪಲ್ಲ, ಜಾಗದ್ದು, ಜಾಗ — ಜಾಗ ಹೇಳಿದ್ದು ನಾನು.

ಮೊದಲು ನಂಬರು ಬೀಳುತ್ತಿದ್ದದ್ದು ಹಿಂದಿನ ದಪ್ಪ ಮುಖದ ಮೇಲೆ, ಅಲ್ಲಿ ಎಷ್ಟು ಹೊಡೆದರೂ ಉಕ್ಕಿಗೆ ಲೆಕ್ಕವಿಲ್ಲ, ಆದರೆ ಬಣ್ಣ ಬಳಿದ ಮೇಲೆ ಅಂಕಿ ಮುಚ್ಚಿಹೋಗುತ್ತಿತ್ತು, ಟ್ರ್ಯಾಕ್ಟರಿನವರು ಓದಲಾಗುತ್ತಿಲ್ಲ ಎಂದು ದೂರು ಬರೆದರು, ಹೋದ ವರ್ಷ ಆಯುಧಪೂಜೆ ಆದ ಮೇಲೆ ನಾನು ಪೆನ್ಸಿಲ್ ಹಿಡಿದು ಡ್ರಾಯಿಂಗಿನಲ್ಲಿ ಬಾಣ ಎಳೆದೆ, ಬಣ್ಣ ಬೀಳದ ಜಾಗಕ್ಕೆ, ದಪ್ಪ ಮೈ ಸಣ್ಣಗಾಗಿ ಕಡ್ಡಿಯಾಗುವ ಆ ಕುತ್ತಿಗೆಗೆ, ಹೊಳೆಯುವ ಜಾಗ, ಚೆನ್ನಾಗಿ ಕಾಣುತ್ತದೆ, ಸರ್ ಗುಡ್ ಎಂದರು, ಸಹಿ ಹಾಕಿದರು, ನಾನು ಮನೆಗೆ ಹೋಗಿ ಅಮ್ಮನಿಗೂ ಹೇಳಿದೆ, ನನ್ನ ಐಡಿಯಾ ಒಪ್ಪಿಕೊಂಡರು ಎಂದು. ಮುನಿಯಲ್ಲಪ್ಪ ಮೊದಲ ದಿನವೇ ಬಂದು ಬಾಗಿಲಲ್ಲಿ ನಿಂತಿದ್ದ, ಅಮ್ಮಣ್ಣೀ, ಈ ಜಾಗ ಬ್ಯಾಡ ಕಣಮ್ಮಾ, ಇಲ್ಲಿ ಹೊಡುದ್ರೆ ಸದ್ದೇ ಬೇರೆ ಬತ್ತದೆ, ಮುಂಚೆ ದಪ್ ಅಂತಿತ್ತು, ಈಗ ಟಣ್ ಅಂತದೆ, ಕಬ್ಬಿಣ ಬೈತಾ ಐತೆ. ನಾನು ಏನು ಹೇಳಿದೆ, ಡ್ರಾಯಿಂಗಲ್ಲಿ ಹಾಗೇ ಇದೆಯಲ್ಲಣ್ಣಾ ಎಂದೆ, ಅವನು ಓದಲಾರ, ಡ್ರಾಯಿಂಗ್ ಅಂದರೆ ದೇವರ ಪಟದ ಹಾಗೆ ಅವನಿಗೆ, ಆಯ್ತು ಬುಡು ತಾಯಿ, ಓದ್ದೋರು ನೀವು ಎಂದು ಹೋದ, ಓದಿದವಳು, ಸಂಜೆ ಕಾಲೇಜಿನ ಡಿಪ್ಲೊಮಾ, ಹೊಸೂರಿನಲ್ಲಿ ತರಗತಿ ಮುಗಿಯುವುದು ಎಂಟೂವರೆಗೆ, ಉದ್ದನಪಲ್ಲಿಯ ಕೊನೇ ಬಸ್ಸು ಹೊರಡುವುದೂ ಎಂಟೂವರೆಗೆ, ಮೂರು ವರ್ಷ ಪ್ರತಿ ತರಗತಿಯ ಕೊನೆಯ ಹತ್ತು ನಿಮಿಷ ಬಿಟ್ಟು ಓಡಿದ್ದೇನೆ, ಒಂದು ರಾತ್ರಿ ಬಾಗಿಲು ದಾಟುವಾಗ ಮೇಷ್ಟ್ರು ಬೋರ್ಡಿನ ಮೇಲೆ ಇಂಥದೇ ಕುತ್ತಿಗೆಯ ಚಿತ್ರ ಬರೆದು ಆ ತಿರುವಿಗೆ ಸೀಮೆಸುಣ್ಣದಿಂದ ಕುಟ್ಟುತ್ತಿದ್ದದ್ದು ಕಣ್ಣಿಗೆ ಬಿದ್ದಿತ್ತು, ಏನು ಹೇಳುತ್ತಿದ್ದರೋ ಕೇಳಿಸಲಿಲ್ಲ, ಸಹಪಾಠಿ ನಂದಿತಾಳ ನೋಟ್ಸಿನಿಂದ ಬರೆದುಕೊಳ್ಳಬೇಕು ಅಂದುಕೊಂಡೆ, ಬರೆದುಕೊಳ್ಳಲಿಲ್ಲ.

ಅದು ನೆಪ, ನೋಟ್ಸು ಯಾತಕ್ಕೆ, ನನಗೆ ಗೊತ್ತಿತ್ತು, ಏಳನೇ ವಯಸ್ಸಿನಿಂದ ಗೊತ್ತಿತ್ತು, ಅಮ್ಮನ ಅಲ್ಯೂಮಿನಿಯಂ ಹಾಲಿನ ಕ್ಯಾನು, ಮದುವೆಗೆ ಯಾರೋ ಕೊಟ್ಟದ್ದು, ಪಾತ್ರೆ ಅಂಗಡಿಯವನು ಗುಂಯ್ ಎನ್ನುವ ಮಿಷಿನ್ನಿನಿಂದ ಅಮ್ಮನ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ತಮಿಳಿನಲ್ಲಿ ಕೊರೆದಿದ್ದ, ಬುಡದ ತಿರುವಿನ ಹತ್ತಿರ, ಬೈರಮ್ಮ ಎಂದು ಅಲ್ಲಿದೆಯಂತೆ, ಅಮ್ಮನಿಗೆ ಓದಲು ಬಾರದು, ಒಂದು ದಿನ ಡೈರಿಗೆ ಹಾಲು ಹೊತ್ತುಕೊಂಡು ಹೋಗುವಾಗ ನನ್ನ ಲಂಗ ಒದ್ದೆಯಾಗಿ ಕಾಲಿಗೆ ಅಂಟಿತು, ಹಾಲು ಹೆಸರಿನಿಂದಲೇ ಜಿನುಗುತ್ತಿತ್ತು, ಮಧ್ಯದ ಒಂದು ಅಕ್ಷರದ ಮೂಲೆಯಿಂದ, ಅಮ್ಮ ಮೇಣ ಹಚ್ಚಿ ಇನ್ನೆರಡು ವರ್ಷ ಅದರಲ್ಲೇ ಹಾಲು ಹಾಕಿದಳು, ಹೆಸರು ಬರ್ಸಿದ್ದೇ ತಪ್ಪಾಯ್ತು ನೋಡು ಎಂದಳು, ಅಲ್ಲಮ್ಮ, ಹೆಸರು ತಪ್ಪಲ್ಲ, ಬರೆದ ಜಾಗ, ಭಾರ ಹೊರುವ ತಿರುವನ್ನು ಗೀರಿದರೆ ಅಲ್ಲಿಂದಲೇ ಸೀಳುತ್ತದೆ. ಟಣ್. ಟಣ್ ಟಣ್. ಹಾಗಾದರೆ ಲೇಸರ್ ಏನು ಮಾಡುತ್ತದೆ, ಬೆಳಕಿನಲ್ಲಿ ಬರೆದರೂ ಅದೂ ಸುಡುತ್ತದೆ, ಅದೂ ತೋಡುತ್ತದೆ, ಅದೇ ಕುತ್ತಿಗೆಯಲ್ಲಿ ತೋಡಿದರೆ ಎರಡು ವರ್ಷ ತಡವಾಗಿ ಮುರಿಯಬಹುದು ಅಷ್ಟೆ, ಆಗ ಹೊಣೆ ಹೊರಿಸಲು ಚುಕ್ಕಿಯೂ ಇರುವುದಿಲ್ಲ, ಮೊನ್ನೆ ಡೆಮೊ ನೋಡುತ್ತಾ ಮುನಿಯಲ್ಲಪ್ಪನೇ ಹೇಳಿದ, ಇದು ಟೀ ಕೇಳಲ್ಲ, ಬೀಡಿ ಸೇದಲ್ಲ, ನಮ್ಮನೆಯವಳು ನೋಡಿದ್ರೆ ಇದನ್ನೇ ಕಟ್ಕಂಡಿದ್ರೆ ಆಗ್ತಿತ್ತು ಅಂತಾಳೆ, ಎಲ್ಲರೂ ನಕ್ಕರು, ಪ್ರಮೋದ್ ಕೂಡ, ನಾನೂ ನಕ್ಕೆ.

ಮೂರು ಹತ್ತೊಂಬತ್ತು. ಆಯುಧಪೂಜೆಯಿಂದ ಇಲ್ಲಿಯವರೆಗೆ ಮೂರು ಸಾವಿರದ ಎಂಟುನೂರು ಆಕ್ಸಲ್, ನಲವತ್ತಲ್ಲ, ಎಲ್ಲದರ ಕುತ್ತಿಗೆಯಲ್ಲೂ ನಾಲ್ಕು, ಕೆಸರಿನಲ್ಲಿ, ರಾಗಿ ಹೊಲದಲ್ಲಿ, ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಸಂತೆಗೆ ಹೋಗುವ ಟ್ರೇಲರಿನ ಮುಂದೆ, ಒಂದೊಂದರಲ್ಲೂ ಆ ಮೂಲೆ, ಬರೆದರೆ ಟ್ರ್ಯಾಕ್ಟರಿನವರು ಆರ್ಡರು ಕಿತ್ತುಕೊಳ್ಳಬಹುದು, ನನ್ನನ್ನು ಇಟ್ಟುಕೊಳ್ಳುವುದಂತೂ ಇಲ್ಲ, ಸಂಜೆ ಕಾಲೇಜಿನವರನ್ನ ಕ್ವಾಲಿಟಿಗೆ ಹಾಕಿದ್ದೇ ತಪ್ಪು ಅನ್ನುತ್ತಾರೆ, ಅನ್ನಲಿ, ಸರಿಯೇ ಇದೆ, ಅಲ್ಲ, ನಾನು ತಪ್ಪಾಗಿ ತಿಳಿದುಕೊಂಡಿದ್ದರೆ, ಎರಡೇ ತುಂಡು ನೋಡಿ ಮೂರು ಸಾವಿರಕ್ಕೆ ಹೇಳುವುದೆಂದರೆ, ಇನ್ನೊಂದು ವಾರ ಕಾದು ಇನ್ನೂ ನಾಲ್ಕು ಪರೀಕ್ಷೆ ಮಾಡಿ ಆಮೇಲೆ — ಆ ಒಂದು ವಾರದಲ್ಲಿ ಯಾರ ತೊಡೆ, ಯಾರ ತಲೆ. ಪೆನ್ನು ಕೈಯಲ್ಲಿದೆ. ವಿಧಾನ ಯಾವುದಾದರೂ ಸರಿ, ಹಿಂದಿನ ದಪ್ಪ ಮುಖದ ಮೇಲೆ, ಬಣ್ಣ ಬೀಳದಂತೆ ಪಟ್ಟಿ ಅಂಟಿಸಿ. ಬರೆದೆ. ಕಾರಣ, ಗುರುತಿನ ಜಾಗವನ್ನು ಕುತ್ತಿಗೆಗೆ ಬದಲಿಸಿದ್ದು, ಬದಲಿಸಿದವಳು ನಾನು. ಇದಕ್ಕೆ ಕಾಲಂ ಇಲ್ಲ, ಅಂಚಿನಲ್ಲಿ ಬರೆದೆ, ವಾಪಸು ಕರೆಸಬೇಕಾದದ್ದು, ಎಲ್ಲ. ಸಹಿ ಹಾಕಬೇಕು, ಹಾಕಿದೆ, ರಬ್ಬರಿಗೆ ಅಳಿಯದ ಬಾಲ್‌ಪೆನ್ನೇ ಎಂದು ನೋಡಿಕೊಂಡೆ, ಹುಚ್ಚಿ, ಇನ್ನು ಡ್ರಾಯರಿನದ್ದನ್ನೂ ತೆಗೆದುಕೊಂಡು ಸರ್ ಹತ್ತಿರ — ಟಣ್.

ಅಯ್ಯೋ ದೇವರೇ, ಅವನು ಹೊಡೆಯುತ್ತಲೇ ಇದ್ದಾನೆ, ಮೂರು ದಿನದಿಂದ ನಾನು ಇಲ್ಲಿ ಕೂತು ನೊಂದುಕೊಳ್ಳುತ್ತಾ ಅವನ ಸುತ್ತಿಗೆ ಎಣಿಸುತ್ತಿದ್ದೇನೆ, ಒಂದು ಮಾತು, ನಿಲ್ಲಿಸು ಎಂಬ ಒಂದೇ ಮಾತು ಹೇಳಿಲ್ಲ, ಕುರ್ಚಿ ಬಿತ್ತು, ಬೀಳಲಿ, ಶೆಡ್ಡು, ಎಣ್ಣೆಯ ವಾಸನೆ, ಅವನ ಬೆನ್ನು, ಪಕ್ಕದಲ್ಲಿ ಸಾಲಾಗಿ ಮುಗಿದ ಆಕ್ಸಲ್‌ಗಳು, ಹೊಳೆಯುವ ಕುತ್ತಿಗೆಗಳು, ನಿಲ್ಸಣ್ಣಾ, ಹೊಡೀಬೇಡ, ನಿಲ್ಸು, ಅವನು ತಿರುಗುತ್ತಾನೆ, ಒಂದು ಕೈಯಲ್ಲಿ ಪಂಚ್ ಕೂತಲ್ಲೇ ಕೂತಿದೆ, ಇನ್ನೊಂದು ಕೈ ಮೇಲಿದೆ, ಯಾಕಮ್ಮಾ, ಬಂದೆ, ಇದೊಂದ್ ಮುಗುಸ್ಬುಡ್ತೀನಿ ತಾಳು, ನಾಲ್ಕಕ್ಕೆ ಇನ್ನೊಂದ್ ಏಟು ಬಾಕಿ ಐತೆ — ಮಾತಿನಲ್ಲಿ ಪಂಚ್ ಸ್ವಲ್ಪ ಸರಿದಿದೆ, ಅದರ ಪಕ್ಕದಲ್ಲಿ ಅರ್ಧ ಬಿದ್ದ ನಾಲ್ಕು, ಅಡ್ಡಗೆರೆ ಉದ್ದಗೆರೆ ಸೇರುವಲ್ಲಿ ಬಿಸಿಲು ಕೂತಿದೆ, ಆ ಮೂಲೆ, ಹೊಸದು, ಚೂಪು, ಆ ಮೂಲೆ