ಹೆಸರು ಕಾಯುತ್ತಿದ್ದವರು

ಮೇಷ್ಟ್ರು ಹಳೆಯ ಕಂಪ್ಯೂಟರ್ ಕೋಡ್ ಓದಲು ಕೂತರೆ ಮೊದಲು ಪಕ್ಕಕ್ಕೊಂದು ಖಾಲಿ ಕುರ್ಚಿ ಎಳೆದುಕೊಳ್ಳುತ್ತಿದ್ದರು. ಎಳೆದು ಸುಮ್ಮನಾಗುವವರಲ್ಲ, ಕೂರುವವರ ಮೊಣಕಾಲು ಮೇಜಿಗೆ ತಾಗದಿರಲೆಂದು ನಾಲ್ಕು ಬೆರಳಷ್ಟು ಹಿಂದಕ್ಕೆ ಸರಿಸಿ, ಅಂಗೈಯಿಂದ ಧೂಳು ಒರೆಸಿ, ಆಮೇಲೆಯೇ ತಾವು ಕೂರುವರು. ಬರೆದವರು ಎದುರಿಗಿಲ್ಲದಾಗ ಅವರ ತಪ್ಪು ಹುಡುಕಬಾರದೆಂಬುದು ಮೇಷ್ಟ್ರ ನೇಮ. ಬರೆದವರು ಕೆಲಸ ಬಿಟ್ಟಿರಲಿ, ಲೋಕವನ್ನೇ ಬಿಟ್ಟಿರಲಿ, ಆ ನೇಮಕ್ಕೆ ಭಂಗವಿಲ್ಲ. ಎಂಟು ತಿಂಗಳ ಮಗಳನ್ನು ಅಮ್ಮನ ಕೈಗೊಪ್ಪಿಸಿ ಆ ಕಚೇರಿ ಸೇರಿದ ಮೊದಲ ವಾರ, ಜಾಗ ಸಾಲದೆ ನಾನು ಆ ಕುರ್ಚಿಯಲ್ಲಿ ಕೂರಹೋದೆ. “ಅದು ಬೇಡಮ್ಮ” ಎಂದರು, ಬಸ್ಸಿನಲ್ಲಿ ಹಿಡಿದಿಟ್ಟ ಸೀಟಿನ ಬಗ್ಗೆ ಹೇಳುವಷ್ಟು ಸಹಜವಾಗಿ.

ಮೇಷ್ಟ್ರೆಂಬುದು ಕಚೇರಿ ಇಟ್ಟ ಹೆಸರು. ಅವರು ಪಾಠ ಹೇಳಿದ್ದನ್ನು ಕಂಡವರಿಲ್ಲ. ಬೂದುಬಣ್ಣದ ಒಂದೇ ಕೋಟು, ಬೇಸಿಗೆಯಲ್ಲೂ ಕತ್ತಿನವರೆಗೆ ಗುಂಡಿ. ಮಗು ಮಲಗಿದ ಮನೆಯಲ್ಲಿ ಅಡಿಯಿಡುವಂಥ ನಡಿಗೆ. ಅವರು ಬಂದು ನಿಂತದ್ದು ಎಷ್ಟೋ ಸಲ ನನಗೆ ತಿಳಿಯುತ್ತಿದ್ದುದು, ಕಂಪ್ಯೂಟರಿನ ಗಾಜಿನಲ್ಲಿ ನನ್ನ ಹೆಗಲ ಹಿಂದೆ ಮೂಡಿದ ಮುಖದಿಂದಲೇ.

ಆಸ್ಪತ್ರೆಗಳಲ್ಲಿ ನವಜಾತ ಶಿಶುವಿನ ತೊಟ್ಟಿಲ ಪಕ್ಕ ಕೂತು ಅದರ ಉಸಿರನ್ನು ಕಾಯುವ ಯಂತ್ರಕ್ಕೆ ನಾವು ಪ್ರೋಗ್ರಾಂ ಬರೆಯುತ್ತಿದ್ದೆವು. ಹನ್ನೆರಡು ವರ್ಷಗಳ ಕೋಡ್, ಅದರ ಮೇಲಿನ ಚರ್ಚೆ, ಯಾರಿಗೆ ಯಾವ ಕೆಲಸವೆಂಬ ಪಟ್ಟಿ, ಎಲ್ಲವೂ ಕಚೇರಿಯ ಮೂಲೆಯಲ್ಲಿ ಏದುಸಿರು ಬಿಡುತ್ತಿದ್ದ ಸರ್ವರ್‌ನಲ್ಲಿದ್ದವು. ಅದು ಕಣ್ಣು ಮುಚ್ಚುವ ಮೊದಲು ಇವನ್ನೆಲ್ಲ ಯಾವುದಾದರೊಂದು ಆನ್‌ಲೈನ್ ಸೇವೆಗೆ ಸಾಗಿಸಬೇಕಿತ್ತು. ಆರಿಸುವ ಕೆಲಸ ನಮ್ಮಿಬ್ಬರ ತಲೆಗೆ ಬಂತು. ಮೂರು ಸೇವೆಗಳನ್ನು ಪರೀಕ್ಷೆಗೆ ತೆಗೆದುಕೊಂಡೆವು. ನಾನು ಮಗುವಿನ ಹಾಲಿನ ಪುಡಿ ಆರಿಸುವವಳಂತೆ ಪಟ್ಟಿ ಮಾಡಿಕೊಂಡೆ: ಬ್ಯಾಕಪ್ ಎಷ್ಟು ದಿನಕ್ಕೊಮ್ಮೆ, ಒಳಬರಲು ಎಷ್ಟು ಬೀಗ, ಕೆಲಸದ ಪಟ್ಟಿ ಫೋನಿನಲ್ಲಿ ಕಾಣುತ್ತದೆಯೇ. ಮೇಷ್ಟ್ರ ಪ್ರಶ್ನೆ ಒಂದೇ. “ಬಿಟ್ಟುಹೋದವರನ್ನ ಇವರು ಏನ್ ಮಾಡ್ತಾರೆ?”

ಮೊದಲನೆಯದು, ತನ್ನಲ್ಲಿ ಖಾತೆಯಿಲ್ಲದವರ ಚರ್ಚೆಯ ಮಾತುಗಳನ್ನೆಲ್ಲ ಮುಖವಿಲ್ಲದ ಒಂದೇ ಗೊಂಬೆಯ ಬಾಯಿಗೆ ಹಾಕಿತು. ಹತ್ತು ಜನ ಒಬ್ಬರಾಗಿ, ಆ ಒಬ್ಬ ತನ್ನೊಡನೆ ತಾನೇ ಜಗಳವಾಡುತ್ತ, ತನಗೆ ತಾನೇ ಕ್ಷಮೆ ಕೇಳುತ್ತಿದ್ದ. ಎರಡನೆಯದು ನೋಡಲು ಬಲು ಚೆಲುವು, ಮ್ಯಾನೇಜರಿಗೆ ಮೊದಲ ನೋಟಕ್ಕೇ ಹಿಡಿಸಿದ್ದು. ಅದು, ಸಾಗಿಸಿದವರ ಹೆಸರನ್ನೇ ಎಲ್ಲ ಮಾತಿಗೂ ಅಂಟಿಸಿತು. ಸಾಗಿಸಿದವರು ಮೇಷ್ಟ್ರು. ಅವರ ಹೆಸರಿನ ಕೆಳಗೆ ಹೀಗೆ ಬರೆದಿತ್ತು: “ನಾನು ವಾರ್ಡಿನಲ್ಲಿ ಮೂರು ದಿನ ಕೂತು ನೋಡಿದೆ. ಆರು ತೊಟ್ಟಿಲು, ಒಬ್ಬಳೇ ನರ್ಸ್. ಪಕ್ಕದ ಯಂತ್ರವೆಂದುಕೊಂಡು ಇದರ ಗಂಟೆಯನ್ನು ನಿಲ್ಲಿಸಿಬಿಡುತ್ತಾರೆ. ಉಸಿರು ಸರಿಹೋಗದಿದ್ದರೆ, ನಿಲ್ಲಿಸಿದ ಇಪ್ಪತ್ತು ಸೆಕೆಂಡಿಗೆ ಅದು ಮತ್ತೊಮ್ಮೆ ಕೂಗಬೇಕು. ಇದನ್ನು ಯಾರೂ ತೆಗೆಯಬಾರದು.”

ಮೇಷ್ಟ್ರು ತಮ್ಮ ಅಂಗೈಗಳನ್ನೇ ನೋಡಿಕೊಂಡರು. “ನಾನ್ ಕೂತಿಲ್ಲಮ್ಮ ಅಲ್ಲಿ. ಕೂತಿದ್ದು ದೊಡ್ಡಕ್ಕ.”

ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದ ಆಕೆ ಕಚೇರಿಯ ಮೊದಲ ಪ್ರೋಗ್ರಾಮರ್. ತೀರಿಕೊಂಡು ಆರು ವರ್ಷ. ಮೂರನೆಯ ಸೇವೆ ರೂಪದಲ್ಲಿ ಸೊಟ್ಟ, ನಡೆಯಲ್ಲಿ ಆಮೆ; ಆದರೆ ಆಕೆಯ ಮಾತಿಗೆ ಆಕೆಯ ಹೆಸರನ್ನೂ ಅಂದಿನ ತಾರೀಖನ್ನೂ ಹಾಗೆಯೇ ಉಳಿಸಿತು. ಅಲ್ಲಿ ಹೆಸರು ಉಳಿಯಲು ಖಾತೆಯೇ ಬೇಕಿರಲಿಲ್ಲ.

ಮಾರನೆಯ ದಿನ, ಎಷ್ಟು ಖಾತೆಗಳು ಬೇಕೆಂದು ಎಣಿಸಲು ಹಳೆಯ ಸರ್ವರಿನ ಪಟ್ಟಿ ತೆರೆದೆ. ದೊಡ್ಡಕ್ಕನ ಹೆಸರಿನ ಮುಂದೆ ‘ಕೊನೆಯ ಭೇಟಿ: ಇಂದು ಬೆಳಿಗ್ಗೆ 9.10’ ಎಂದಿತ್ತು. ಕಿಟಕಿಯಲ್ಲಿ ಹನ್ನೊಂದು ಗಂಟೆಯ ಬಿಸಿಲು. ನನ್ನ ಬೆನ್ನಿಗೆ ಮಾತ್ರ ಯಾರೋ ಒದ್ದೆ ಕೈ ಇಟ್ಟಂತಾಯಿತು. ಹಿಂದಿನ ದಿನಗಳನ್ನು ನೋಡಿದೆ. ನಿನ್ನೆ, ಮೊನ್ನೆ, ಕಳೆದ ಭಾನುವಾರ. ಬರಿಯ ಭೇಟಿಯಲ್ಲ, ಅಲ್ಲಲ್ಲಿ ಸಣ್ಣ ತಿದ್ದುಪಡಿ, ಮುಗಿದ ಕೆಲಸಗಳಿಗೆ ಗುರುತು. ಎಣಿಕೆಯ ಪಟ್ಟಿಯನ್ನು ಮ್ಯಾನೇಜರಿಗೆ ಕಳಿಸಿದೆನೇ ಹೊರತು, ಬಾಯಿಬಿಟ್ಟು ಕೇಳುವ ಧೈರ್ಯವಾಗಲಿಲ್ಲ.

ಕೇಳಿದವರು ಮ್ಯಾನೇಜರೇ. ಅವರು ಬಂದು ನಾಲ್ಕೇ ತಿಂಗಳು. ಸೇವೆಯನ್ನು ಆರಿಸುವ ಸಭೆಯಲ್ಲಿ ಪಟ್ಟಿಯನ್ನು ಗೋಡೆಯ ಪರದೆಗೆ ಹಾಕಿ, ಆ ಹೆಸರಿನ ಮೇಲೆ ಬೆರಳಿಟ್ಟರು. “ಈ ಮೇಡಂ ಯಾರ್ರೀ? ಆರು ವರ್ಷದಲ್ಲಿ ಒಂದು ದಿನಾನೂ ತಪ್ಪಿಸಿಲ್ಲ. ಮನೆಯಿಂದ ಕೆಲಸ ಮಾಡ್ತಾರಾ? ಇವರನ್ನ ನೋಡಿ ನಿಮಗೆಲ್ಲ ಬುದ್ಧಿ ಬರಬೇಕು.”

ಆಕೆಯ ಅಂತ್ಯಕ್ರಿಯೆಗೆ ಹೋಗಿದ್ದವರೇ ನಾಲ್ವರು ಆ ಮೇಜಿನ ಸುತ್ತ ಕೂತಿದ್ದರು.

“ಗಂಟೆಯ ಕೋಡ್ ಇವರ ಹೆಸರಲ್ಲಿದೆ ಅಂತ ನಿನ್ನೆ ಇವರಿಗೊಂದು ಕೆಲಸ ಹಾಕಿದ್ದೆ. ಆ ಎರಡನೇ ಸಲ ಕೂಗೋದನ್ನ ತೆಗೆದುಬಿಡಿ, ಆಸ್ಪತ್ರೆಯವರಿಗೆ ಕಿರಿಕಿರಿ ಅಂತ. ಬೆಳಿಗ್ಗೆ ಉತ್ತರ ಬಂದಿದೆ. ಆಗಲ್ಲ ಅಂತಾರೆ.”

ಮೇಷ್ಟ್ರು ಎದ್ದು ನಿಂತರು. “ಅವರು ಹೋಗಿ ಆರು ವರ್ಷ ಆಯ್ತು ಸರ್. ತೊಂಬತ್ತು ದಿನ ಯಾರೂ ಬರದಿದ್ರೆ ಈ ಹಳೇ ಸರ್ವರಲ್ಲಿ ಖಾತೆ ಮುಚ್ಚಿಹೋಗುತ್ತೆ, ಬರೆದಿದ್ದರ ಮೇಲಿನ ಹೆಸರೂ ಅಳಿಸಿಹೋಗುತ್ತೆ. ಬಾಗಿಲು ಮುಚ್ಚದಿರಲಿ ಅಂತ ನಾನೇ ದಿನಾ ಒಂದ್ಸಲ ಹೋಗಿ ಬರ್ತಿದ್ದೆ. ಆಮೇಲೆ, ಸುಮ್ಮನೆ ಹೋಗಿ ಬರೋಕೆ ಮನಸ್ಸಾಗ್ಲಿಲ್ಲ.”

“ಹಾಗಾದ್ರೆ ಆಗಲ್ಲ ಅಂದಿದ್ದು ನೀವಾ?”

“ಬರೆದಿದ್ದು ನಾನು” ಎಂದರು ಮೇಷ್ಟ್ರು. “ಅಂದಿದ್ದು ಅವರೇ.”

ಆಗ ನನಗೆ ಗೊತ್ತಿದ್ದದ್ದನ್ನು ನಾನು ಹೇಳಿದೆ. ನನ್ನ ಮಗಳು ಹುಟ್ಟಿದ ಮೇಲೆ ಹನ್ನೊಂದು ದಿನ ಇದೇ ಯಂತ್ರವಿದ್ದ ತೊಟ್ಟಿಲಲ್ಲಿದ್ದಳು. ಮೊದಲ ಗಂಟೆಯನ್ನು ನಿಲ್ಲಿಸಿ ಪಕ್ಕದ ಮಗುವಿನ ಕಡೆ ಹೋದ ನರ್ಸ್, ಎರಡನೆಯ ಕೂಗಿಗೆ ತಿರುಗಿ ಓಡಿಬಂದದ್ದನ್ನು ಬಾಗಿಲ ಗಾಜಿನಿಂದ ನೋಡಿದವಳು ನಾನು. ಅದು ಏಕೆ ಎರಡು ಸಲ ಕೂಗುತ್ತದೆಂದು, ಯಾರು ಹೇಳಿದ್ದೆಂದು, ನಾಳೆ ಬರುವವರಿಗೂ ತಿಳಿಯಬೇಕು. ಆದ್ದರಿಂದ ಆ ಕೂಗೂ ಇರಲಿ, ಮೂರನೆಯ ಸೇವೆಯೇ ಇರಲಿ ಎಂದೆ. ಮ್ಯಾನೇಜರು ಒಪ್ಪಿದರು. ಷರತ್ತು ಒಂದೇ: ಆ ಖಾತೆಯನ್ನು ಇಂದೇ ಮುಚ್ಚಬೇಕು, ಮುಚ್ಚುವವರು ಮೇಷ್ಟ್ರೇ ಆಗಬೇಕು. ಎಲ್ಲವನ್ನೂ ಸಾಗಿಸಿ ಮುಗಿಸಿದ ಮೇಲೆ, ಸಂಜೆ ನಾಲ್ಕಕ್ಕೆ, ಅವರು ಮುಚ್ಚಿದರು.

ಹೊಸ ಮನೆಗೆ ಎಲ್ಲವೂ ಬಂತೇ ಎಂದು ಪರೀಕ್ಷಿಸುತ್ತ ನಾನು ಮೇಷ್ಟ್ರ ಹೆಸರನ್ನೂ ಹುಡುಕಿದೆ. ಮೊದಲ ಆರು ವರ್ಷ ಪುಟ ತುಂಬ ಅವರೇ. ಆಮೇಲಿನ ಆರು ವರ್ಷಕ್ಕೆ ಐದೋ ಆರೋ ಸಾಲು. ಉಳಿದದ್ದೆಲ್ಲ ದೊಡ್ಡಕ್ಕನ ಹೆಸರಿನಲ್ಲಿ. ದಾಖಲೆಯನ್ನಷ್ಟೇ ಓದುವ ಅಪರಿಚಿತರಿಗೆ, ಆರು ವರ್ಷದ ಹಿಂದೆ ತೀರಿಕೊಂಡವರು ಮೇಷ್ಟ್ರೆಂದೇ ತೋರಬೇಕು. ಸರಿಪಡಿಸಲೇ ಎಂದು ಕೇಳಿದರೆ, ಏನು ತಪ್ಪಿದೆಯೆಂದು ಅರ್ಥವಾಗದವರಂತೆ ನನ್ನನ್ನೇ ನೋಡಿದರು.

ಇಂಥವರು ಪ್ರತಿ ಕಚೇರಿಯಲ್ಲೂ, ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆಂದು ಈಗ ಅನ್ನಿಸುತ್ತದೆ. ಹೋದವರ ಪಾಲಿನ ಕೆಲಸವನ್ನು ಸದ್ದಿಲ್ಲದೆ ಎತ್ತಿಕೊಂಡು, ಮಾಡಿ, ಅವರ ಹೆಸರಿನಲ್ಲೇ ಇಟ್ಟುಬರುತ್ತಾರೆ. ಅವರಿರುವವರೆಗೆ ಅಲ್ಲಿ ಯಾರೂ ಪೂರ್ತಿಯಾಗಿ ಸಾಯುವುದಿಲ್ಲ. ಅದಕ್ಕೆ ಬೇಕಾದ ಉಸಿರನ್ನು ಎಲ್ಲಿಂದ ತರುತ್ತೀರೆಂದು ಮಾತ್ರ ಅವರನ್ನು ಯಾರೂ ಕೇಳುವುದಿಲ್ಲ.