ಭಾಗಮ್ಮನ ಬಿಳಿ ಕಣಗಳು

ನೇರಳೆ ಹಣ್ಣು ಚೆಲ್ಲಿದ ಹಾಗೆ, ಎಲ್ಲೆಲ್ಲೂ ನೇರಳೆ ಚುಕ್ಕೆ, ಇವು ಬಿಳಿ ಕಣ ಹೇಗಾದಾವು — ಭಾಗಮ್ಮ ಸೂಕ್ಷ್ಮದರ್ಶಕದ ಹಿತ್ತಾಳೆ ಕೊಳವೆಗೆ ಕಣ್ಣಿಟ್ಟು ನೋಡಿಯೇ ನೋಡಿದಳು, ಬಣ್ಣ ಹಾಕಿದ್ದಕ್ಕೆ ಹಾಗೆ ಕಾಣ್ತವೆ ತಾಯಿ, ಮೊದಲ ಸಲಕ್ಕಿಂತ ಅರ್ಧಕ್ಕರ್ಧ ಇಳಿದಿವೆ, ಎಂದರು ಚಿಕ್ಕಮಗಳೂರಿನ ಡಾಕ್ಟರು, ಸೂಜಿ ಚುಚ್ಚಿದ ಬೆರಳ ತುದಿ ಇನ್ನೂ ಚುರುಗುಡುತ್ತಿದೆ, ಇಷ್ಟು ಸಣ್ಣ ಹನಿಯೊಳಗೆ ಇಷ್ಟೊಂದು ಸಂತೆ, ತನ್ನದೇ ರಕ್ತವಂತೆ, ತನ್ನನ್ನು ಕೇಳದೆ ಹೆಚ್ಚಿಕೊಂಡದ್ದು — ಕಾಫಿ ಹೂವಾದ ವಾರ ಹೊಟ್ಟೆ ಎಡಕ್ಕೆ ಗಟ್ಟಿಯಾಗಿ ಉಬ್ಬಿದಾಗ ಅತ್ತೆ ಸಿದ್ದಗಂಗಮ್ಮ ಬಸಿರೆಂದೇ ಬಗೆದಿದ್ದರು, ಮದುವೆಯಾಗಿ ಎಷ್ಟೋ ವರ್ಷಕ್ಕೆ, ಹುಳಿಮಾವು ತಂದುಕೊಡುತ್ತ, ಕಾಲು ನೀಡಿ ಕೂತ್ಕೊ ಮಗಾ, ನೀರು ಸೇದಬೇಡ, ಆ ಮಾತಿನ ತಂಪಿನಲ್ಲಿ ತೇಲುತ್ತಿದ್ದಾಗಲೇ ಇದೇ ಡಾಕ್ಟರು ಹೊಟ್ಟೆ ಒತ್ತಿ, ರಕ್ತ ನೋಡಿ, ಕೂಸಲ್ಲ ತಾಯಿ, ಗುಲ್ಮ ಊದಿದೆ, ಮಲೇರಿಯಾದ ಗಡ್ಡೆಯೂ ಅಲ್ಲ, ರಕ್ತದಲ್ಲಿ ಬಿಳಿ ಕಣ ಮಿತಿಮೀರಿವೆ ಅಂದದ್ದು. ಅವ್ವನಿಗೆ ಈಗಲೇ ಬೇಡ, ಎಂದಿದ್ದ ಗಂಡ ಜಯದೇವಪ್ಪ, ಹೇಳುವುದು ಅವಳಿಗೂ ಬೇಡವಾಗಿತ್ತು, ಡಾಕ್ಟರು ಮದ್ದೆಂದು ಕೊಟ್ಟದ್ದು, ಹಾಲಿಗೆ ಬಿಟ್ಟು ಕುಡಿದ ಪಾಷಾಣದ ಹನಿ, ನಾಲಿಗೆಯ ಮೇಲೆ ಲೋಹದ ರುಚಿ, ಬಸಿರಿಯ ಟಾನಿಕ್ಕೆಂದು ನಂಬಿ ಅತ್ತೆ ಕೈಯಾರೆ ಕಾಯಿಸಿಕೊಟ್ಟ ಹಾಲು — ಡಾಕ್ಟರು ಈಗ ಮತ್ತೆ ಹೊಟ್ಟೆ ಮುಟ್ಟಿ, ಗಡ್ಡೆ ಕರಗ್ತಾ ಇದೆ, ಒಳ್ಳೇದು, ಪೂರ್ತಿ ಹೋಗೋ ಕಾಯಿಲೆ ಅಲ್ಲ, ತಿಂಗಳಿಗೊಮ್ಮೆ ರಕ್ತ ನೋಡ್ತಾ ಇರಬೇಕು, ಏರಿದರೆ ಮತ್ತೆ ಹನಿ, ಎಂದರು, ಗಂಡನ ಮುಖ ಅರಳಿತು, ಅವಳು ಮಾತ್ರ ಕರಗ್ತಾ ಇದೆ ಎಂಬುದನ್ನು ಹೊಟ್ಟೆಯ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು, ತಾನು ಉಳಿಯುವುದೂ ಅದು ಹೋಗುವುದೂ ಒಂದೇ ಸುದ್ದಿ, ಅದಕ್ಕೆ ಹೆಸರೂ ಇಟ್ಟಿದ್ದೆನಲ್ಲ, ಸುಳ್ಳೆಂದು ತಿಳಿದ ಮೇಲೂ. ಊರಿಗೆ ಮರಳುವ ಬಸ್ಸು, ಇದ್ದಿಲ ಹೊಗೆಯಲ್ಲಿ ಓಡುವುದು, ವಸ್ತಾರೆಯ ಏರಿನಲ್ಲಿ ಏದುಸಿರು ಬಿಡುತ್ತದೆ, ಯುದ್ಧ ಮುಗಿದರೆ ಪೆಟ್ರೋಲು ಬರುತ್ತದಂತೆ, ಮಂಜಿನಲ್ಲಿ ತೋಟಗಳು ತೇಲಿಹೋಗುತ್ತವೆ, ಮನೆ ಬಾಗಿಲಲ್ಲಿ ಅತ್ತೆ, ಇದೇನೇ ಮಗಾ ಸೀರೆ ಜಾರ್ತಾ ಇದೆ, ಹೊಟ್ಟೆ ಇಳಿದಂಗಿದೆ, ಭಾಗಮ್ಮನಿಗೆ ಇನ್ನು ತಡೆಯಲಾಗಲಿಲ್ಲ, ಅದು ಕೂಸಲ್ಲ ಅತ್ತೆ, ರಕ್ತದ ಕಾಯಿಲೆ, ಈಗ ಇಳೀತಾ ಇದೆ, ಸದ್ಯಕ್ಕೆ ಬದುಕ್ತೀನಂತೆ, ಎಂದು ಹೇಳಿಯೇಬಿಟ್ಟಳು — ಸಿದ್ದಗಂಗಮ್ಮ ಅವಳನ್ನು ಒಳಗೆ ಕರೆದೊಯ್ದು, ಮುಂದೆ ಮಂಡಿಯೂರಿ, ಸೊಸೆಯ ಸಡಿಲ ನಿರಿಗೆ ಬಿಚ್ಚಿ ಮೊದಲಿನಿಂದ ಹಿಡಿಯತೊಡಗಿದರು, ಬೇಸಗೆಯಲ್ಲಿ ಹೊಟ್ಟೆ ಉಬ್ಬಿದ್ದಾಗ ಹಿಡಿದದ್ದಕ್ಕಿಂತ ಒಂದು ನಿರಿಗೆ ಹೆಚ್ಚು, ಹೊಟ್ಟೆಯ ಮೇಲೆ ಮೆಲ್ಲಗೆ ಒತ್ತಿ ಸಿಕ್ಕಿಸಿದ ಒಂದು ನಿರಿಗೆ, ಒಂದು ನಿರಿಗೆ ಹೆಚ್ಚು —