ಹುಲಿಗೆಮ್ಮ ಗೋಡೆಗೆ ಬರೆದ ಅಂಕಿಗಳು

ಭಾನುವಾರ ಸಂಜೆಯ ಆನ್‌ಲೈನ್ ಪಂದ್ಯದಲ್ಲಿ ಅನಿತಾ ಮೂರು ಸಲ ಕಲ್ಲಿನಂತೆ ನಿಂತುಬಿಟ್ಟಳು. ಸೊಕ್ಕೆ ಊರಿನ ತನ್ನ ಮನೆಯಲ್ಲಿ ಅವಳು ಲ್ಯಾಪ್‌ಟಾಪಿನ ಕೀಲಿಗಳನ್ನು ಒತ್ತುತ್ತಲೇ ಇದ್ದಳು. ಆಟದೊಳಗಿನ ಅವಳ ಕಾವಲುಗಾರ್ತಿ ಮಾತ್ರ ಕೋಟೆಬಾಗಿಲಲ್ಲಿ ಕದಲಲಿಲ್ಲ. ಎದುರಾಳಿಗಳು ಅವಳ ಪಕ್ಕದಲ್ಲೇ ಓಡಿಹೋಗಿ ಬಾವುಟ ಕಿತ್ತುಕೊಂಡರು.

ಅದು ನಾಲ್ಕು ಜನರ ತಂಡ. ಆಟದಲ್ಲೇ ಪರಿಚಯವಾದವರು, ಒಬ್ಬರನ್ನೊಬ್ಬರು ಮುಖತಃ ಕಂಡಿರಲಿಲ್ಲ. ನಾಯಕಿ ಹೊನ್ನಾಳಿಯ ಶಿವಲೀಲಾ, ಅಡಿಕೆ ವ್ಯಾಪಾರದ ಮನೆಯ ಸೊಸೆ. ಚನ್ನಗಿರಿಯ ಆಶಾ ಮತ್ತು ನ್ಯಾಮತಿ ತಾಲ್ಲೂಕಿನ ಸವಳಂಗದ ಶರಣು ಉಳಿದಿಬ್ಬರು. ಆ ಮೂವರ ಮನೆಗೂ ಕೇಬಲ್ಲಿನ ಇಂಟರ್ನೆಟ್ ಇತ್ತು. ಜಗಳೂರಿನಲ್ಲಿ ಡಿಗ್ರಿ ಮುಗಿಸಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದ ಅನಿತಾಳಿಗೆ ಮಾತ್ರ ಫೋನಿನ ಹಾಟ್‌ಸ್ಪಾಟೇ ಗತಿ.

ಪಂದ್ಯ ಮುಗಿದ ಮೇಲೆ ಶಿವಲೀಲಾ ಫೋನ್ ಮಾಡಿದಳು.

"ಬೇಜಾರ್ ಮಾಡ್ಕೊಬ್ಯಾಡ ಅನಿತಾ. ಬಾಗಿಲು ಕಾಯಾಕೆ ನಿನ್ನಷ್ಟು ಚುರುಕಿನವರು ನಂಗೆ ಸಿಕ್ಕಿಲ್ಲ. ಹೆಂಗೋ ಇವತ್ತು ಗೆದ್ವಿ. ಆದ್ರೆ ಶನಿವಾರ ಸೆಮಿಫೈನಲ್ ಐತೆ. ಮತ್ತೆ ಹಿಂಗೇ ಆದ್ರೆ ಬೇರೆಯವ್ರನ್ನ ಕರ್ಕೊಬೇಕಾಗ್ತೈತೆ."

"ಆತು ಅಕ್ಕ," ಎಂದಳು ಅನಿತಾ.

ಅವಳ ಅವ್ವ ಹುಲಿಗೆಮ್ಮ ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುವವಳು ಅವಳು. ಓದಲು ಬರುತ್ತಿರಲಿಲ್ಲ, ಅಂಕಿಗಳು ಮಾತ್ರ ಚೆನ್ನಾಗಿ ಬರುತ್ತಿದ್ದವು. ಹದಿನಾಲ್ಕು ವರ್ಷದಿಂದ ಅಡುಗೆಕೋಣೆಯ ಬೋರ್ಡಿನ ಮೇಲೆ ಆ ದಿನ ಉಣ್ಣುವ ಮಕ್ಕಳ ಸಂಖ್ಯೆಯನ್ನು ಅವಳೇ ಬರೆಯುತ್ತಿದ್ದಳು.

"ಏನಾಗ್ತೈತೆ ಅದಕ್ಕೆ?" ಎಂದು ಕೇಳಿದಳು.

ಅನಿತಾ ಪರದೆಯ ಮೂಲೆಯಲ್ಲಿದ್ದ ಸಣ್ಣ ಅಂಕಿಯನ್ನು ತೋರಿಸಿದಳು. "ಇದಕ್ಕೆ ಪಿಂಗ್ ಅಂತಾರೆ ಅವ್ವ. ನಾನು ಒತ್ತಿದ್ದು ಅಲ್ಲಿಗೆ ಹೋಗಿ ವಾಪಸ್ ಬರಾಕೆ ಎಷ್ಟು ಹೊತ್ತು ಆಗ್ತೈತೆ ಅಂತ ಹೇಳ್ತೈತೆ. ಅರವತ್ತರ ಒಳಗಿದ್ರೆ ಆಡಬಹುದು. ಇನ್ನೂರು ದಾಟಿದ್ರೆ ಹಿಂಗೆ ನಿಂತುಬಿಡ್ತೈತೆ."

"ಕಡಿಮೆ ಆಗ್ಬೇಕು, ಅಷ್ಟೇ ತಾನೆ?"

"ಅಷ್ಟೇ. ಆದ್ರೆ ಅದು ನಮ್ಮ ಕೈಯಾಗಿಲ್ಲ. ನಮ್ಮೂರಿನ ಸಿಗ್ನಲ್ಲೇ ಹಿಂಗೆ."

ಮರುದಿನ ಹುಲಿಗೆಮ್ಮ ಶಾಲೆಯಿಂದ ಬಂದವಳೇ ಸೆರಗಿನ ಗಂಟಿನಿಂದ ಒಂದು ಸೀಮೆಸುಣ್ಣದ ತುಂಡು ತೆಗೆದಳು. "ಆ ಅಂಕಿ ಫೋನಿನಾಗೇ ಕಾಣೋ ಹಂಗೆ ಮಾಡಿಕೊಡು" ಎಂದಳು. ಅನಿತಾ ಒಂದು ಆ್ಯಪ್ ಹಾಕಿಕೊಟ್ಟು ಹೊಲಿಗೆಗೆ ಕೂತಳು. ಅವ್ವ ಸ್ವಲ್ಪ ಹೊತ್ತು ತಿರುಗಾಡಿ ಸುಮ್ಮನಾಗುತ್ತಾಳೆ ಎಂದುಕೊಂಡಿದ್ದಳು.

ಹುಲಿಗೆಮ್ಮ ಸುಮ್ಮನಾಗಲಿಲ್ಲ. ಅನಿತಾ ದಿನವೂ ಆಡಲು ಕೂರುತ್ತಿದ್ದ ನಡುಮನೆಯ ಮೂಲೆಯಲ್ಲಿ ಮೊದಲು ನಿಂತಳು. ಅಂಕಿಯ ಏರಿಳಿತ ಒಂದು ಹದಕ್ಕೆ ಬರುವವರೆಗೆ ಕಾದು ಗೋಡೆಯ ಮೇಲೆ 190 ಎಂದು ಬರೆದಳು. ತಗಡಿನ ಮಾಡಿನ ಕೆಳಗೆ 240. ಒಲೆಯ ಹತ್ತಿರ 175. ಹೊರಗಿನ ಕಟ್ಟೆಯ ಮೇಲೆ 95. ಪಡುವಣ ಗೋಡೆಯ ಪುಟ್ಟ ಕಿಟಕಿಯ ಬಳಿ ಬಂದಾಗ ತುಸು ಹೊತ್ತು ನಿಂತಳು. ಮತ್ತೊಮ್ಮೆ ನೋಡಿದಳು. ಆಮೇಲೆ 64 ಎಂದು ಬರೆದಳು.

ಮರುದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅದೇ ಜಾಗಗಳಿಗೆ ಹೋಗಿ ಅಂಕಿಗಳನ್ನು ಒಂದರ ಕೆಳಗೊಂದು ಬರೆದಳು. ರಾತ್ರಿ ಊಟಕ್ಕೆ ಬಂದ ಮಗ ರಮೇಶ್ ಗೋಡೆ ನೋಡಿ ನಕ್ಕ.

"ಏನವ್ವ ಇದು, ಮಗ್ಗಿ ಬರ್ದೀಯಾ?"

"ನಗಬ್ಯಾಡ. ನೀನು ಟ್ರ್ಯಾಕ್ಟರ್ ನಿಲ್ಸಿ ಮನೆಯೊಳಗೆ ಬಂದ ಕೂಡ್ಲೆ ಎಲ್ಲಾ ಕಡೆ ಅಂಕಿ ಏರ್ತೈತೆ. ನಿನ್ನೆನೂ ಏರ್ತು, ಇವತ್ತೂ ಏರ್ತು. ಯಾಕೆ?"

ರಮೇಶನ ಫೋನು ತಾನಾಗಿಯೇ ಅನಿತಾಳ ಹಾಟ್‌ಸ್ಪಾಟ್ ಹಿಡಿದುಕೊಂಡು ವಿಡಿಯೊ ಇಳಿಸಿಕೊಳ್ಳುತ್ತಿತ್ತು. ಅನಿತಾ ಆಗಲೇ ಪಾಸ್‌ವರ್ಡ್ ಬದಲಿಸಿದಳು. ಅವ್ವ ಇಷ್ಟು ಸೂಕ್ಷ್ಮವಾಗಿ ನೋಡುತ್ತಿರುವಾಗ ತಾನು ಸುಮ್ಮನೆ ಕೂರಲು ಅವಳಿಗೆ ನಾಚಿಕೆಯಾಯಿತು. ಲ್ಯಾಪ್‌ಟಾಪಿನೊಳಗೆ ಹುಡುಕಿ, ತೆರೆಮರೆಯಲ್ಲಿ ನಡೆಯುತ್ತಿದ್ದ ಅಪ್‌ಡೇಟುಗಳನ್ನೆಲ್ಲ ನಿಲ್ಲಿಸಿದಳು.

ಬುಧವಾರ ಹೊಲಿಗೆ ಯಂತ್ರವನ್ನು ಸರಿಸಿ ಮೇಜನ್ನು ಕಿಟಕಿಗೆ ತಂದರು. ಅರ್ಧ ಗಂಟೆ ಆಟ ಚೆನ್ನಾಗಿ ನಡೆದು ಅಂಕಿ ಮತ್ತೆ ಕುಣಿಯತೊಡಗಿತು. ಹುಲಿಗೆಮ್ಮ ಫೋನ್ ಮುಟ್ಟಿ ಕೈ ಹಿಂದೆಗೆದುಕೊಂಡಳು.

"ಜ್ವರ ಬಂದಂಗೆ ಸುಡ್ತೈತಲ್ಲೇ! ಬಿಸಿಲು ಬ್ಯಾರೆ, ಚಾರ್ಜಿಗೂ ಹಾಕೀಯಾ."

ಗೋಡೆಯ ಚಾರ್ಜರ್ ಕೀಳಿಸಿದಳು. ಫೋನಿನ ಹಿಂದಿನ ಕವರ್ ಬಿಚ್ಚಿಸಿದಳು. ಬಿಸಿಲು ತಾಕದಂತೆ ಕಿಟಕಿಯ ಹೊರಗೆ ಒಂದು ಗೋಣಿಚೀಲ ಇಳಿಬಿಟ್ಟಳು. ಆಮೇಲೆ ಫೋನನ್ನೂ ಲ್ಯಾಪ್‌ಟಾಪನ್ನೂ ನೋಡುತ್ತ ಕೇಳಿದಳು: "ಇದರಿಂದ ಅದಕ್ಕೆ ಗಾಳಿಯಾಗೇ ಹೋಗ್ಬೇಕಾ? ವೈರು ಹಾಕಾಕೆ ಬರಲ್ವಾ?"

ಅನಿತಾ ಬೆರಗಾಗಿ ಅವ್ವನ ಮುಖ ನೋಡಿದಳು. ಚಾರ್ಜಿನ ವೈರಿನಲ್ಲೇ ಇಂಟರ್ನೆಟ್ ಕೊಡಬಹುದೆಂದು ಅವಳಿಗೆ ಗೊತ್ತಿತ್ತು. ಎಂದೂ ಮಾಡಿ ನೋಡಿರಲಿಲ್ಲ. ವೈರು ಸಿಕ್ಕಿಸಿದ ಮೇಲೆ ಅಂಕಿ 51ಕ್ಕೆ ಇಳಿಯಿತು. ಅಲ್ಲಿಂದ ಹೆಚ್ಚು ಕದಲಲಿಲ್ಲ.

ಶನಿವಾರ ಮಧ್ಯಾಹ್ನ ಮೂರಕ್ಕೆ ಸೆಮಿಫೈನಲ್. ಅನಿತಾ ಆ ದಿನ ಬಾಗಿಲು ಕಾಯ್ದ ಪರಿಗೆ ಶರಣು ಎರಡು ಸಲ "ಎಲ್ಲಿದ್ರಿ ಇಷ್ಟು ದಿನ!" ಎಂದು ಕೂಗಿದ. ಮೊದಲರ್ಧದಲ್ಲಿ ಒಂದೂ ಬಾವುಟ ಹೋಗಲಿಲ್ಲ. ದ್ವಿತೀಯಾರ್ಧ ಶುರುವಾದ ಸ್ವಲ್ಪ ಹೊತ್ತಿಗೆ ಶಿವಲೀಲಾಳೇ ಆಟದಿಂದ ಮಾಯವಾದಳು. ಆಶಾ ಕೂಡಲೇ ಐದು ನಿಮಿಷದ ಬಿಡುವು ಕೇಳಿದಳು. ಒಂದು ತಂಡಕ್ಕೆ ಸಿಗುವುದು ಅದೊಂದೇ.

ಅಷ್ಟರಲ್ಲಿ ಹುಲಿಗೆಮ್ಮನ ಕೀಪ್ಯಾಡ್ ಫೋನು ರಿಂಗಾಯಿತು. ಅನಿತಾಳ ಫೋನು ಆಟಕ್ಕೆ ಬೇಕಾಗಿದ್ದರಿಂದ ತಂಡದವರಿಗೆಲ್ಲ ಅವಳು ಈ ನಂಬರನ್ನೇ ಕೊಟ್ಟಿದ್ದಳು. ಹುಲಿಗೆಮ್ಮ ಅದನ್ನು ಮಗಳ ಕಿವಿಗೆ ಹಿಡಿದಳು. ಆ ಕಡೆ ಶಿವಲೀಲಾ, ಅತ್ತೆ ಕಸ್ತೂರಮ್ಮನ ಫೋನಿನಿಂದ.

"ಕರೆಂಟ್ ಹೋತು ಅನಿತಾ! ಇಂಟರ್ನೆಟ್ ಡಬ್ಬಿನೂ ಬಂದ್ ಆತು. ಫೋನಿಂದ ಹಾಟ್‌ಸ್ಪಾಟ್ ಹಾಕಿದ್ರೆ ಇನ್ನೂರಾ ಹತ್ತು ತೋರಿಸ್ತೈತೆ. ಹೆಂಗೆ ಮಾಡ್ಲಿ?"

"ಚಾರ್ಜಿನ ವೈರು ಸಿಕ್ಕಿಸ್ರಿ ಅಕ್ಕ," ಎಂದು ಅನಿತಾ ಆಟದೊಳಗೆ ಆಶಾ ಮತ್ತು ಶರಣುವಿಗೆ ಉತ್ತರ ಕೊಡುತ್ತಲೇ ಕೂಗಿದಳು. "ಉಳಿದಿದ್ದು ಅವ್ವ ಹೇಳ್ತಾಳೆ."

ಹುಲಿಗೆಮ್ಮ ಫೋನನ್ನು ತನ್ನ ಕಿವಿಗೆ ಹಿಡಿದಳು. "ವೈರು ಹಾಕಿದ್ಯೇನವ್ವ? ಈಗ ಎಷ್ಟೈತೆ?"

"ನೂರಾ ಅರವತ್ತು, ಅಮ್ಮ."

"ನೀನೀಗ ಎಲ್ಲಿ ಕುಂತಿ?"

"ಒಳಗಿನ ರೂಮಿನಾಗೆ."

"ಎದ್ದು ಹೊರಡು. ಕಿಟಕಿಯಿಂದ ಕಿಟಕಿಗೆ ಹೋಗು. ಒಂದೊಂದು ಕಡೆನೂ ನಿಂತು ನಂಗೆ ಅಂಕಿ ಹೇಳು. ಅವಸರ ಮಾಡಬ್ಯಾಡ."

ಶಿವಲೀಲಾ ಲ್ಯಾಪ್‌ಟಾಪ್ ಹೊತ್ತು ನಡೆದಳು; ಕಸ್ತೂರಮ್ಮ ಸ್ಪೀಕರ್ ಹಾಕಿದ ಫೋನು ಹಿಡಿದು ಹಿಂದೆ ಹಿಂದೆ ಬಂದರು. ಅಡುಗೆಮನೆ, ನೂರಾ ನಲವತ್ತು. ಮೆಟ್ಟಿಲು, ನೂರಾ ಹತ್ತು.

"ಮೆಟ್ಟಿಲು ಹತ್ತು. ಮೇಲಕ್ಕೆ ಹೋದಂಗೆ ಇಳಿತೈತೆ."

ಮಾಳಿಗೆಯ ಬಾಗಿಲಲ್ಲಿ ಶಿವಲೀಲಾ ಕೂಗಿದಳು, "ಐವತ್ತೆಂಟು ಅಮ್ಮ!"

"ಅಲ್ಲೇ ನೆರಳಿನಾಗೆ ಕೂರು."

ಬಿಡುವು ಮುಗಿಯಲು ನಲವತ್ತು ಸೆಕೆಂಡು ಇರುವಾಗ ಶಿವಲೀಲಾ ಆಟಕ್ಕೆ ಮರಳಿದಳು. ಒಂದಕ್ಕೆ ಎರಡು ಬಾವುಟಗಳಿಂದ ತಂಡ ಗೆದ್ದಿತು. ಮುಂದಿನ ಭಾನುವಾರದ ಫೈನಲ್‌ನಲ್ಲಿ ಸೋತರು. ಅಲ್ಲಿ ಎಲ್ಲರ ಅಂಕಿಯೂ ಸರಿಯಾಗಿಯೇ ಇತ್ತು; ಎದುರಿನವರು ಇವರಿಗಿಂತ ಚೆನ್ನಾಗಿ ಆಡಿದರು.

ಹದಿನೈದು ದಿನಗಳ ಮೇಲೆ ಅನಿತಾಳ ಫೋನಿಗೆ ಎರಡನೇ ಸ್ಥಾನದ ಪ್ರಶಸ್ತಿಪತ್ರ ಬಂತು. ಅದರಲ್ಲಿ ನಾಲ್ಕರ ಬದಲು ಐದು ಹೆಸರುಗಳಿದ್ದವು. ಕೊನೆಯ ಸಾಲನ್ನು ಶಿವಲೀಲಾ ತಂಡದ ಯಾರಿಗೂ ಹೇಳದೆ ಆಯೋಜಕರಿಗೆ ಬರೆದು ಸೇರಿಸಿದ್ದಳು. ಅನಿತಾ ಓದಿ ಹೇಳಿದಳು: "ತರಬೇತುದಾರರು, ಶ್ರೀಮತಿ ಹುಲಿಗೆಮ್ಮ, ಸೊಕ್ಕೆ."

ಹುಲಿಗೆಮ್ಮ ಶಾಲೆಗೆ ಹೊರಟು ನಿಂತಿದ್ದಳು. ಇನ್ನೊಮ್ಮೆ ಓದಿಸಿದಳು.

"ನಂಗೆ ಆಡಾಕೆ ಬರಲ್ಲ ಅಂತ ಅವ್ರಿಗೆ ಗೊತ್ತೈತಾ?"

"ಗೊತ್ತೈತೆ ಅವ್ವ."

ಹುಲಿಗೆಮ್ಮ ಹೊಸಿಲು ದಾಟಿದವಳು ತಿರುಗಿ ಬಂದಳು. ಅವಳ ಮುಖ ಕೆಂಪೇರಿತ್ತು.

"ಅದನ್ನ ಒಂದು ಹಾಳೆ ಮೇಲೆ ಬರ್ಕೊಡು. ನನ್ನ ಜೊತೆ ಅಡುಗೆ ಮಾಡೋ ಗಾದ್ರಮ್ಮಗೆ ತೋರಿಸ್ಬೇಕು. ದೊಡ್ಡ ಅಕ್ಷರದಾಗೆ ಬರಿ. ಅವಳಿಗೆ ಕಣ್ಣು ಸರಿಯಾಗಿ ಕಾಣಲ್ಲ."